ಮೊದಲನೆಯ ಗಿರಾಕಿ

ನನ್ನ ಬಾಲ್ಯದ ದಿನಗಳಲ್ಲಿ ನಮ್ಮೂರಿನಲ್ಲಿ ಪ್ರತಿ ಶುಕ್ರವಾರ ಸಂತೆ ನೆರೆಯುತ್ತಿತ್ತು. ಸಂತೆಯ ಮೂಲೆಯ ಹುಣಿಸೆಮರದ ಕೆಳಗೆ ಹಲ್ಲುಪುಡಿ ಮಾರುವವನೊಬ್ಬ ಬಂದು ನಿಲ್ಲುತ್ತಿದ್ದ. ಅವನ ಪುಡಿಯಲ್ಲಿ ಹಿಮಾಲಯದ ಬೇರೂ ಮಲೆನಾಡಿನ ತೊಗಟೆಯೂ ಸೇರಿದ್ದುವಂತೆ! ನಾವು ಮಕ್ಕಳು ಬಾಯಿ ತೆರೆದುಕೊಂಡು ಕೇಳುತ್ತಿದ್ದೆವು. ದೊಡ್ಡವರು ಮಾತ್ರ ಸೊಂಟದ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಆಗ ಗುಂಪಿನ ನಡುವಿನಿಂದ ಕೆಂಪು ರುಮಾಲಿನವನೊಬ್ಬ ಮುಂದೆ ಬಂದು, “ಹೋದ ತಿಂಗಳು ಒಂದು ಪೊಟ್ಟಣ ಒಯ್ದಿದ್ದೆ. ಹಲ್ಲುನೋವು ಎಲ್ಲಿ ಹೋಯಿತೋ ತಿಳಿಯದು. ಈ ಸಲ ಎರಡು ಕೊಡಪ್ಪಾ” ಎಂದ. ಅಷ್ಟೇ ಸಾಕಾಯಿತು. ಜನ ನಾ ಮುಂದು ತಾ ಮುಂದು ಎಂದು ಮುಗಿಬಿದ್ದರು. ನಾನೂ ಅಪ್ಪನನ್ನು ಕಾಡಿಬೇಡಿ ನಾಲ್ಕಾಣೆಗೆ ಒಂದು ಪೊಟ್ಟಣ ಕೊಂಡುಕೊಂಡೆ.

ಮುಂದಿನ ಸೋಮವಾರ ಅಪ್ಪನೊಡನೆ ಪಕ್ಕದೂರಿನ ಸಂತೆಗೆ ಹೋದೆ. ಅಲ್ಲಿಯೂ ಅದೇ ಹಲ್ಲುಪುಡಿ, ಅದೇ ಮಾತು. ಅಲ್ಲಿಯೂ ಮೊದಲನೆಯ ಗಿರಾಕಿ ಅದೇ ಕೆಂಪು ರುಮಾಲಿನವನೇ! ಸಂಜೆ ಹಿಂದಿರುಗುವಾಗ ನೋಡಿದರೆ, ಮಾರುವವನೂ ಕೊಂಡವನೂ ಮರದಡಿ ಕುಳಿತು ಒಂದೇ ಬುತ್ತಿಯಿಂದ ರೊಟ್ಟಿ ತಿನ್ನುತ್ತಿದ್ದರು. “ಅಪ್ಪಾ, ಅವನ ಹಲ್ಲುನೋವು ಸುಳ್ಳೆ?” ಎಂದು ಕೇಳಿದೆ. ಅಪ್ಪ ನಕ್ಕು, “ಅದು ನನಗೆ ತಿಳಿಯದು ಮಗಳೆ. ಆದರೆ ಅವನು ಯಾರ ಬುತ್ತಿಯನ್ನು ಉಣ್ಣುತ್ತಾನೆಂಬುದು ಈಗ ತಿಳಿಯಿತಲ್ಲ” ಎಂದರು.

ಅರ್ಧ ಶತಮಾನ ಕಳೆದ ಮೇಲೆ ಆ ಮಾತು ಮತ್ತೆ ನೆನಪಾಗುವ ಸಂದರ್ಭವೊಂದು ಒದಗಿತು. ನನ್ನ ಅಣ್ಣನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾಳೆ. ಕೃಷ್ಣವರ್ಣದ, ಚುರುಕು ಕಣ್ಣಿನ ಹುಡುಗಿ. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಅವಳಿಗೆ ಮುಖ್ಯ ಪಾತ್ರವಿತ್ತು. ಅದಕ್ಕೆ ಹತ್ತು ದಿನಗಳಿರುವಾಗ ಒಂದು ಬೆಳಗ್ಗೆ ಅವಳು ಕೋಣೆಯ ಬಾಗಿಲನ್ನೇ ತೆರೆಯಲಿಲ್ಲ. ಬಹಳ ಕರೆದ ಮೇಲೆ ತೆರೆದಳು. ಕೆನ್ನೆಯ ತುಂಬ ಕೆಂಪು ಗುಳ್ಳೆಗಳು. ಅಳುವಿನಿಂದ ಊದಿದ ಕಣ್ಣುಗಳು. ಮೇಜಿನ ಮೇಲೆ ಬಂಗಾರದ ಬಣ್ಣದ ಡಬ್ಬಿಯೊಂದಿತ್ತು. ಯುಗಾದಿಗೆ ಹಿರಿಯರು ಕೊಟ್ಟ ಹಣವನ್ನೆಲ್ಲ ಕೂಡಿಸಿ ಒಂಬೈನೂರು ರೂಪಾಯಿಗೆ ಅದನ್ನು ತರಿಸಿಕೊಂಡಿದ್ದಳು.

“ಯಾರು ಹೇಳಿದರಮ್ಮ ಇದನ್ನು ಹಚ್ಚಿಕೊಳ್ಳಲು?” ಎಂದೆ.

“ಮೊಬೈಲಿನಲ್ಲಿ ಒಬ್ಬ ಅಕ್ಕ ಹೇಳುತ್ತಾರೆ, ಅತ್ತೆ. ದಿನವೂ ನೋಡುತ್ತೇನೆ. ಅವರು ಸುಳ್ಳು ಹೇಳುವವರಲ್ಲ.”

ಆ ‘ಅಕ್ಕ’ ಎಂಬ ಮಾತು ನನ್ನ ಮನಸ್ಸನ್ನು ಚುಚ್ಚಿತು. ಇವಳು ಆಕೆಯನ್ನು ಅಕ್ಕನೆಂದು ಬಗೆದಿದ್ದಾಳೆ. ಆಕೆಗೆ ಇವಳ ಹೆಸರೂ ಗೊತ್ತಿಲ್ಲ. ಸಂತೆಯೇ ಈಗ ನಮ್ಮ ಅಂಗೈಗೆ ಬಂದಿದೆ; ಅದರೊಡನೆ ಮೊದಲನೆಯ ಗಿರಾಕಿಯೂ ಬಂದಿದ್ದಾನೆ. ಇಂಥವರಿಗೆ ಈಗ ‘ಇನ್‌ಫ್ಲುಯೆನ್ಸರ್’ ಎಂದು ಹೆಸರು.

ಚರ್ಮರೋಗದ ವೈದ್ಯರು ಪರೀಕ್ಷಿಸಿ, ಆ ಕ್ರೀಮಿನ ಸುಗಂಧದ್ರವ್ಯ ಇವಳ ಚರ್ಮಕ್ಕೆ ಒಗ್ಗಿಲ್ಲವೆಂದು ಮದ್ದು ಕೊಟ್ಟರು. “ಹೊಸದನ್ನು ಹಚ್ಚುವ ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಕೆಲವು ದಿನ ಕಾದು ನೋಡಬೇಕು” ಎಂದೂ ತಿಳಿಸಿದರು. ಅನಂತರ ಅವರು ಹೇಳಿದ ಮಾತು ನನ್ನನ್ನು ಬೆಚ್ಚಿಬೀಳಿಸಿತು. ಚರ್ಮವನ್ನು ಬೆಳ್ಳಗಾಗಿಸುವುದಾಗಿ ಹೇಳಿಕೊಳ್ಳುವ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ನಮ್ಮ ಚರ್ಮಕ್ಕೆ ಬಣ್ಣವನ್ನು ಕೊಡುವ ಮೆಲನಿನ್ ಎಂಬ ವಸ್ತು ಹುಟ್ಟದಂತೆ ಅದು ತಡೆಯುತ್ತದೆ. ಆದ್ದರಿಂದ ಮುಖ ಬೆಳ್ಳಗಾದಂತೆ ತೋರುತ್ತದೆ. ಆದರೆ ಅದೇ ಪಾದರಸ ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ೨೦೨೩ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಂದ ಕೆಲವರನ್ನು ವಿಚಾರಿಸಿದಾಗ, ಅವರು ಇಂಥ ಕ್ರೀಮುಗಳನ್ನು ಬಳಸುತ್ತಿದ್ದುದು ಬೆಳಕಿಗೆ ಬಂದಿತು. ನಮ್ಮ ದೇಶದ ೨೦೨೦ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಪಾದರಸವನ್ನು ಬೆರೆಸುವಂತಿಲ್ಲ. ಅರಿಯದೆ ಸೇರಿದರೂ ಅದು ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗವನ್ನು ಮೀರಬಾರದು.

ಆ ಸಂಜೆ ನಾವಿಬ್ಬರೂ ಭೂತಗನ್ನಡಿ ಹಿಡಿದು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಲು ಕುಳಿತೆವು. ಘಟಕಗಳಲ್ಲಿ ಯಾವುದು ಹೆಚ್ಚಾಗಿದೆಯೋ ಅದನ್ನು ಮೊದಲು ಬರೆಯಬೇಕೆಂದೂ, ಶೇಕಡಾ ಒಂದನ್ನು ಮೀರದ ವಸ್ತುಗಳನ್ನು ಕೊನೆಯಲ್ಲಿ ಬರೆಯಬೇಕೆಂದೂ ನಿಯಮವಿದೆ. ಪಟ್ಟಿಯ ಮೊದಲಿಗೆ ಇದ್ದುದು ನೀರು! ‘ಅಕ್ಕ’ ಬಾಯ್ತುಂಬ ಕೊಂಡಾಡಿದ್ದ ಕೇಸರಿ ತೀರ ಕೊನೆಯ ಸಾಲಿನಲ್ಲಿ ಸಂಕೋಚದಿಂದ ನಿಂತಿತ್ತು. ತಯಾರಕರ ವಿಳಾಸವನ್ನು ಓದಿದ ಹುಡುಗಿ ಥಟ್ಟನೆ ಎದ್ದುಹೋಗಿ, ನಾನು ಬಳಸುವ ಇನ್ನೂರು ರೂಪಾಯಿಯ ಡಬ್ಬಿಯನ್ನು ತಂದಳು. ಎರಡೂ ಒಂದೇ ಕಾರ್ಖಾನೆಯಲ್ಲಿ ತಯಾರಾದವು! ಒಂದೇ ಕಾರ್ಖಾನೆ ಹಲವು ಹೆಸರುಗಳಿಗೆ ಸರಕು ತಯಾರಿಸಿಕೊಡುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಸರಕು ಒಂದೇ ಇರಬೇಕೆಂದಿಲ್ಲ, ನಿಜ. ಆದರೆ ಹೆಚ್ಚಿನ ಬೆಲೆಯಲ್ಲಿ ಎಷ್ಟು ಪಾಲು ಡಬ್ಬಿಯೊಳಗಿನ ವಸ್ತುವಿಗೆ, ಎಷ್ಟು ಪಾಲು ಅದನ್ನು ಹೊಗಳಿದ ಬಾಯಿಗೆ ಎಂದು ಯೋಚಿಸಬೇಕಲ್ಲವೆ?

ಆ ಹೊಗಳಿಕೆಯ ಮರ್ಮವನ್ನು ಅವಳೇ ನನಗೆ ವಿವರಿಸಿದಳು. ಕಂಪನಿಗಳು ಇಂಥವರಿಗೆ ಸರಕನ್ನು ಉಚಿತವಾಗಿ ಕಳುಹಿಸುತ್ತವೆ. ಹಲವರಿಗೆ ಹಣವನ್ನೂ ಕೊಡುತ್ತವೆ. ಅವರು ತಿಳಿಸಿದ ರಿಯಾಯಿತಿ ಸಂಕೇತವನ್ನು ಬಳಸಿ ಯಾರಾದರೂ ಕೊಂಡರೆ ಅದರಲ್ಲಿ ಅವರಿಗೆ ಪಾಲು ದೊರೆಯುವುದೂ ಉಂಟು. ಮುಖದೆದುರು ಬಳೆಯಾಕಾರದ ದೀಪವಿಟ್ಟರೆ ನೆರಳುಗಳೆಲ್ಲ ಅಳಿಸಿಹೋಗುತ್ತವೆ. ಉಳಿದ ಕಲೆಗಳನ್ನು ಮೊಬೈಲಿನ ಯಂತ್ರವೇ ಒರೆಸಿಹಾಕುತ್ತದೆ. ಇವರೆಲ್ಲರೂ ಸುಳ್ಳುಗಾರರೆಂದು ನಾನು ಹೇಳಲಾರೆ. ಪ್ರಾಮಾಣಿಕವಾಗಿ ಗುಣದೋಷಗಳೆರಡನ್ನೂ ತಿಳಿಸುವವರು ಇದ್ದಾರೆ. ಆದರೆ ನಾಳೆಯ ಬುತ್ತಿ ಯಾರಿಂದ ಬರಬೇಕಾಗಿದೆಯೋ ಅವರ ಅಡುಗೆಗೆ ಉಪ್ಪು ಸಾಲದೆಂದು ಹೇಳುವುದು ಯಾರಿಗಾದರೂ ಕಷ್ಟವೇ.

ಸರಕಾರಕ್ಕೂ ಈ ವಿಷಯ ತಿಳಿಯದಿಲ್ಲ. ಹಣ, ಉಡುಗೊರೆ, ಉಚಿತ ಸರಕು ಯಾವುದನ್ನೇ ಪಡೆದು ಶಿಫಾರಸು ಮಾಡಿದರೂ ಅದನ್ನು ನೋಡುವವರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೩ರ ಜನವರಿಯಲ್ಲಿ ಸೂಚಿಸಿತು. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸಬಹುದು. ಕೆಂಪು ರುಮಾಲಿನವನು ತಾನು ಯಾರ ಕಡೆಯವನೆಂಬುದನ್ನು ಮೊದಲೇ ಹೇಳಿಬಿಡಬೇಕೆಂಬುದೇ ಇದರ ತಾತ್ಪರ್ಯ. ಆದರೆ ಕಾನೂನು ಎಲ್ಲ ಹುಣಿಸೆಮರಗಳ ಕೆಳಗೂ ನಿಂತು ಕಾಯಲಾರದು.

ಇಷ್ಟು ಹೇಳಿದೆನೆಂದು ಅಲಂಕಾರವೇ ತಪ್ಪೆಂಬುದು ನನ್ನ ಅಭಿಪ್ರಾಯವಲ್ಲ. ನನ್ನ ತಾಯಿ ಹರಳೆಣ್ಣೆಯ ದೀಪದ ಮಸಿಯಿಂದ ಕಾಡಿಗೆ ಮಾಡಿ ನಮಗೆ ಹಚ್ಚುತ್ತಿದ್ದರು. ಬಳೆಗಾರ ಬಂದ ದಿನ ನಮಗೆ ಹಬ್ಬ. ಹಳೆಯದೆಲ್ಲ ಒಳ್ಳೆಯದೆಂದೂ ನಾನು ಹೇಳೆನು. ಸೀಸ ಬೆರೆತ ಸುರ್ಮಾ, ಸಿಂಧೂರಗಳು ಹಿಂದೆಯೂ ಇದ್ದುವು, ಈಗಲೂ ಇವೆ. ಇನ್ನೊಂದು ಮಾತನ್ನು ಮುಚ್ಚಿಡಬಾರದು. ಮೊದಲ ಸಂಬಳ ಬಂದಾಗ, ಪತ್ರಿಕೆಯ ಜಾಹೀರಾತನ್ನು ನೋಡಿ, ಬೆಳ್ಳಗಾಗಬೇಕೆಂಬ ಆಸೆಯಿಂದ ನಾನೂ ಒಂದು ಡಬ್ಬಿ ಕ್ರೀಮು ಕೊಂಡಿದ್ದೆ. ಡಬ್ಬಿ ಬರಿದಾಯಿತು, ಬಣ್ಣ ಇದ್ದಂತೆಯೇ ಉಳಿಯಿತು. ಕೊಂಡದ್ದಕ್ಕಿಂತ ಹೆಚ್ಚಾಗಿ, ನನ್ನ ಮುಖವನ್ನು ತಿದ್ದಬೇಕಾದ ತಪ್ಪೆಂದು ಬಗೆದದ್ದಕ್ಕೆ ಇಂದು ನಾಚಿಕೆಯಾಗುತ್ತದೆ. ಇದನ್ನು ಹೇಳಿದಾಗ ಹುಡುಗಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

ವಾರ್ಷಿಕೋತ್ಸವದ ದಿನ ಗುಳ್ಳೆಗಳು ಪೂರ್ತಿ ಮಾಸಿರಲಿಲ್ಲ. ಅವಳು ಕಣ್ಣಿಗೆ ತೆಳುವಾಗಿ ಕಾಡಿಗೆ ಹಚ್ಚಿ, ತಲೆಗೆ ಹೂ ಮುಡಿದು, ತನ್ನದೇ ಬಣ್ಣದಲ್ಲಿ ರಂಗದ ಮೇಲೆ ನಿಂತಳು. ಅವಳ ಮಾತಿಗೆ ಸಭೆ ನಿಶ್ಶಬ್ದವಾಯಿತು. ಕೆನ್ನೆಯ ಕಲೆಯನ್ನು ಯಾರೂ ಎಣಿಸಲಿಲ್ಲ.

ಈಗಲೂ ಅವಳು ಮೊಬೈಲಿನಲ್ಲಿ ಆ ಚಿತ್ರಗಳನ್ನು ನೋಡುತ್ತಾಳೆ. ನಾನು ಬೇಡವೆಂದಿಲ್ಲ. ಆದರೆ ಯಾರಾದರೂ ಯಾವುದನ್ನಾದರೂ ಅತಿಯಾಗಿ ಹೊಗಳತೊಡಗಿದಾಗ ನನ್ನ ಕಡೆಗೆ ತಿರುಗಿ, “ಅತ್ತೆ, ಇವರದು ಯಾರ ಬುತ್ತಿ?” ಎಂದು ಕೇಳಿ ನಗುತ್ತಾಳೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅಂಗೈಯಲ್ಲಿ ಸಂತೆಯನ್ನು ಹೊತ್ತು ತಿರುಗುವ ನಮಗೆ ಆ ಮಾತು ಅವರಿಗಿಂತ ಹೆಚ್ಚು ಬೇಕಾಗಿದೆ.