ಮನೆಯೊಡತಿಯರ ದ್ವೀಪ

ಲಿವರ್‌ಪೂಲ್ ಬಂದರನ್ನು ಬಿಟ್ಟ ಹಬೆಹಡಗು ಸುಮಾರು ನಾಲ್ಕು ಗಂಟೆಗಳ ಕಾಲ ಐರಿಷ್ ಕಡಲಿನಲ್ಲಿ ಹೊಯ್ದಾಡಿ ಡಗ್ಲಸ್ ಕೊಲ್ಲಿಯನ್ನು ಹೊಕ್ಕಾಗ, ಪ್ರಯಾಣಿಕರ ಕಣ್ಣಿಗೆ ಬೀಳುತ್ತಿದ್ದುದು ಬಿದಿಗೆಯ ಚಂದ್ರನಂತೆ ಬಾಗಿದ ದಂಡೆ. ಅದರ ಉದ್ದಕ್ಕೂ ಗೋಡೆಗೆ ಗೋಡೆ ತಾಗಿಸಿ ನಿಂತ ನಾಲ್ಕೈದು ಅಂತಸ್ತಿನ ಮನೆಗಳ ಸಾಲು. ಹೆಚ್ಚಿನವು ಅತಿಥಿಗಳಿಗಾಗಿಯೇ ಕಟ್ಟಿದ ಮನೆಗಳು. ಬಾಗಿಲ ಮೇಲೊಂದು ಹೆಸರು, ಒಳಗೊಬ್ಬ ಮನೆಯೊಡತಿ.

ಇದು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಮ್ಯಾನ್ ದ್ವೀಪ. ವಿಸ್ತಾರ 572 ಚದರ ಕಿಲೋಮೀಟರ್. ಬ್ರಿಟನ್ನಿನ ರಾಜಮುಕುಟಕ್ಕೆ ಅಧೀನವಾದರೂ ಟಿನ್‌ವಾಲ್ಡ್ ಎಂಬ ತನ್ನದೇ ಪ್ರಾಚೀನ ಶಾಸನಸಭೆಯುಳ್ಳ ನಾಡು. ಬಾಲವಿಲ್ಲದ ಬೆಕ್ಕಿನಿಂದಲೂ 1907ರಲ್ಲಿ ಆರಂಭವಾದ ಮೋಟಾರ್ ಸೈಕಲ್ ಪಂದ್ಯಗಳಿಂದಲೂ ಹೊರಜಗತ್ತು ಅದರ ಹೆಸರನ್ನು ಕೇಳಿದೆ. ಆದರೆ ಲ್ಯಾಂಕಶೈರಿನ ಹತ್ತಿ ಗಿರಣಿಗಳ ಕೂಲಿಕಾರರಿಗೆ ಅದು ವರ್ಷಕ್ಕೊಮ್ಮೆ ಒಂದು ವಾರ ಮಾತ್ರ ತೆರೆಯುವ ಸ್ವರ್ಗದ ಬಾಗಿಲಾಗಿತ್ತು. ಆ ಗಿರಣಿಗಳಿಗೂ ಕನ್ನಡನಾಡಿಗೂ ಹಳೆಯದೊಂದು ನಂಟುಂಟು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಬಾರದೆ ಹೋದಾಗ, ಧಾರವಾಡ ಸೀಮೆಯ ಹತ್ತಿ ಲ್ಯಾಂಕಶೈರಿಗೆ ಹಡಗೇರಿತ್ತು.

ಬೇಸಗೆಯಲ್ಲಿ ಅಲ್ಲಿನ ಊರುಗಳು ಸರದಿಯಂತೆ ಒಂದೊಂದು ವಾರ ಗಿರಣಿಗಳನ್ನು ಮುಚ್ಚುತ್ತಿದ್ದವು. ಚಿಮಣಿಗಳ ಹೊಗೆ ನಿಲ್ಲುತ್ತಿತ್ತು. ಇಡೀ ಬೀದಿಯೇ ಗಂಟುಮೂಟೆ ಕಟ್ಟಿ ಕಡಲ ಕಡೆಗೆ ಹೊರಡುತ್ತಿತ್ತು. ಅಲ್ಲಿಯೂ ಅಕ್ಕಪಕ್ಕದ ಕೋಣೆಯಲ್ಲಿ ಅದೇ ನೆರೆಮನೆಯವರು! ಸಂಬಳ ಸಹಿತ ರಜೆಯ ಕಾನೂನು ಬ್ರಿಟನ್ನಿನಲ್ಲಿ 1938ರಲ್ಲಿಯೇ ಬಂದಿತ್ತು. ಅದರ ಫಲವನ್ನು ನೆಮ್ಮದಿಯಿಂದ ಉಣ್ಣುವ ಮೊದಲೇ ಮಹಾಯುದ್ಧ ಎರಗಿತು.

1940ರ ಬೇಸಗೆಯಲ್ಲಿ ದ್ವೀಪಕ್ಕೆ ಬೇರೆ ಬಗೆಯ ಅತಿಥಿಗಳು ಬಂದರು. ಡಗ್ಲಸ್, ರ‍್ಯಾಮ್ಸಿ ಮೊದಲಾದ ಊರುಗಳಲ್ಲಿ ಮನೆಯೊಡತಿಯರು ಹಾಸಿಗೆ, ಪಿಂಗಾಣಿ, ಕುರ್ಚಿ ಮೇಜುಗಳನ್ನೆಲ್ಲ ಇದ್ದಲ್ಲಿಯೇ ಬಿಟ್ಟು ಹೊರನಡೆಯಬೇಕಾಯಿತು. ಮನೆಗಳ ಸುತ್ತ ಮುಳ್ಳುತಂತಿ ಎದ್ದಿತು. ಒಳಗೆ ತಂದಿರಿಸಿದ್ದು ಶತ್ರುದೇಶದವರೆಂದು ಹಿಡಿದ ಜನರನ್ನು. ಅವರಲ್ಲಿ ಬಹುಮಂದಿ ಹಿಟ್ಲರನಿಂದಲೇ ತಪ್ಪಿಸಿಕೊಂಡು ಬಂದ ಯಹೂದ್ಯರೆಂಬುದು ಯುದ್ಧಕಾಲದ ವಿಪರ್ಯಾಸ. ಚಿತ್ರಕಾರ ಕುರ್ಟ್ ಶ್ವಿಟರ್ಸ್ ಡಗ್ಲಸ್ಸಿನ ಹಚಿನ್‌ಸನ್ ಶಿಬಿರದಲ್ಲಿ ಸಹಬಂದಿಗಳ ಚಿತ್ರ ಬರೆದನು. ಬೇರೇನೂ ಸಿಕ್ಕದಾಗ ಓಟ್ಸ್ ಗಂಜಿಯಿಂದಲೇ ಶಿಲ್ಪ ಮಾಡಿದನು. ದಕ್ಷಿಣದ ಪೋರ್ಟ್ ಎರಿನ್ನಿನಲ್ಲಿ ಹೆಂಗಸರ ಶಿಬಿರ. ಅಲ್ಲಿ ಮಾತ್ರ ಒಡತಿಯರು ಮನೆ ಬಿಡಲಿಲ್ಲ. ಸರಕಾರ ತಲೆಗಿಷ್ಟೆಂದು ಹಣ ಕೊಟ್ಟಿತು. ಅವರು ಬಂದಿಗಳಿಗೂ ಎಂದಿನಂತೆ ಬಡಿಸಿದರು.

ಯುದ್ಧ ಮುಗಿದು ತಂತಿ ಬಿಚ್ಚಿದ ಮೇಲೆ ಒಡತಿಯರು ತಮ್ಮ ಮನೆಗಳನ್ನು ತೊಳೆದು, ಸುಣ್ಣಬಣ್ಣ ಬಳಿದು, ಮತ್ತೆ ಬಾಗಿಲು ತೆರೆದರು. ಆರು ವರ್ಷ ಕಡಲನ್ನು ಕಾಣದ ಜನ ಹಡಗು ತುಂಬಿ ಬಂದಿತು.

ಈ ಮನೆಗಳ ದಿನಚರಿಯನ್ನು ಕೇಳಿದರೆ ಉತ್ತರ ಕರ್ನಾಟಕದ ಖಾನಾವಳಿಯ ನೆನಪಾಗದಿರದು. ಲೆಕ್ಕದ ಪುಸ್ತಕವೂ ಒಲೆಯ ಸೌಟೂ ಒಬ್ಬಳದೇ ಕೈಯಲ್ಲಿ. ಗಂಟೆ ಬಾರಿಸಿದಾಗ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬೇಕು. ತಡವಾಗಿ ಬಂದವರಿಗೆ ಅವಳ ಹುಬ್ಬುಗಂಟೇ ಶಿಕ್ಷೆ. ಬೆಳಗಿನ ಉಪಾಹಾರವಾದೊಡನೆ ಅತಿಥಿಗಳು ಹೊರಗೆ ಹೋಗಬೇಕೆಂಬುದು ಬರೆಯದ ನಿಯಮ; ಮಳೆ ಬಂದರೆ ದಂಡೆಯ ತಂಗುಮಾಡವೇ ಗತಿ. ಬಿಸಿನೀರಿನ ಸ್ನಾನಕ್ಕೆ ಬೇರೆ ಹಣ. ಮೇಜಿನ ಮೇಲಿನ ಉಪ್ಪು ಮೆಣಸಿನ ಕುಡಿಕೆಗೂ ದರ ಹಾಕುತ್ತಾರೆಂದು ಬ್ರಿಟನ್ನಿನ ಹಾಸ್ಯಗಾರರು ಈ ಒಡತಿಯರನ್ನು ವರ್ಷಗಟ್ಟಲೆ ಗೇಲಿ ಮಾಡಿದರು. ಬ್ರಿಟನ್ನಿನಲ್ಲಿ ಆಹಾರದ ಪಡಿತರ ಪೂರ್ತಿಯಾಗಿ ಕೊನೆಗೊಂಡದ್ದು 1954ರಲ್ಲಿ ಎಂಬುದನ್ನು ನೆನೆದರೆ ಆ ನಗೆ ತುಸು ನಿಷ್ಕರುಣವೆಂದೇ ತೋರುತ್ತದೆ.

ಏಕೆಂದರೆ ಆಕೆಯ ಗಳಿಕೆಯೆಲ್ಲ ಮೂರು ನಾಲ್ಕು ತಿಂಗಳದು. ಆ ತಿಂಗಳುಗಳಲ್ಲಿ ಒಳ್ಳೆಯ ಕೋಣೆಗಳೆಲ್ಲ ಪರರಿಗೆ. ಮನೆಯವರು ನೆಲಮಾಳಿಗೆಗೋ ಅಟ್ಟಕ್ಕೋ ಸರಿಯಬೇಕು. ಶನಿವಾರವಂತೂ ಹಳಬರನ್ನು ಒಯ್ಯುವ ಹಡಗು, ಹೊಸಬರನ್ನು ತರುವ ಹಡಗು. ನಡುವಿನ ಕೆಲವೇ ಗಂಟೆಗಳಲ್ಲಿ ಮನೆಯ ಹೊದಿಕೆಗಳೆಲ್ಲ ಬದಲಾಗಬೇಕು. ಅತಿಥಿಗಳಿಗಾದರೋ ಸಂಜೆಗೆ ಡರ್ಬಿ ಕಾಸಲ್, ಪ್ಯಾಲೇಸ್ ಮೊದಲಾದ ನೃತ್ಯಶಾಲೆಗಳು, 1876ರಿಂದ ದಂಡೆಯುದ್ದಕ್ಕೂ ಓಡುತ್ತಿದ್ದ ಕುದುರೆ ಟ್ರಾಮು, ಊರಿನ ನೆಂಟರಿಗೆ ಅಂಚೆಯಲ್ಲಿ ಕಳಿಸಲು ಹೊಗೆಯಲ್ಲಿ ಒಣಗಿಸಿದ ಹೆರಿಂಗ್ ಮೀನು. ಹೊರಡುವ ಮುನ್ನ ಮುಂದಿನ ವರ್ಷದ ಅದೇ ವಾರಕ್ಕೆ ಅದೇ ಕೋಣೆಯನ್ನು ಹೇಳಿಟ್ಟು ಹೋಗುವ ಸಂಸಾರಗಳೂ ಇದ್ದವು.

ಆ ಸಂಸಾರಗಳು ಬರುವುದನ್ನು ನಿಲ್ಲಿಸಿದ್ದು ಒಂದೇ ದಿನದಲ್ಲಲ್ಲ. ಅಗ್ಗದ ವಿಮಾನಗಳು ಸ್ಪೇನಿನ ಬಿಸಿಲನ್ನು ಸಮೀಪಕ್ಕೆ ತಂದವು. ಮೋಡ ಕವಿದ ಐರಿಷ್ ಕಡಲು ಅದರೊಡನೆ ಹೇಗೆ ಸೆಣಸೀತು? ಅತ್ತ ಲ್ಯಾಂಕಶೈರಿನ ಗಿರಣಿಗಳೂ ಒಂದೊಂದಾಗಿ ಮುಚ್ಚುತ್ತ ಬಂದವು. ಗಿರಣಿಯೇ ಇಲ್ಲವಾದ ಮೇಲೆ ಗಿರಣಿಯ ರಜೆ ಎಲ್ಲಿಯದು?

ಮಳೆಯನ್ನು ಗೆಲ್ಲುವ ಒಂದು ಉಪಾಯವನ್ನು ದ್ವೀಪದವರು ಹೂಡಿದರು. ಡರ್ಬಿ ಕಾಸಲ್ ಇದ್ದ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಲಗೆಗಳ ಗೋಡೆ ಮಾಡುಗಳುಳ್ಳ ‘ಸಮ್ಮರ್‌ಲ್ಯಾಂಡ್’ ಎಂಬ ಬೃಹತ್ ವಿಹಾರಮಂದಿರ 1971ರಲ್ಲಿ ತೆರೆಯಿತು. 1973ರ ಆಗಸ್ಟ್ 2ರ ಸಂಜೆ, ಹೊರಗಿನ ಪುಟ್ಟ ಗೂಡಂಗಡಿಯೊಂದರಲ್ಲಿ ಹುಡುಗರ ಅಜಾಗರೂಕತೆಯಿಂದ ಹೊತ್ತಿದ ಬೆಂಕಿ ಆ ಮಂದಿರಕ್ಕೆ ಹಬ್ಬಿತು. ಒಳಗಿದ್ದವರು ಸುಮಾರು ಮೂರು ಸಾವಿರ. ಸತ್ತವರು ಐವತ್ತು ಮಂದಿ, ರಜೆಗೆ ಬಂದ ಮಕ್ಕಳೂ ಸೇರಿ. ಆ ಬಳಿಕ ವಸತಿಗೃಹಗಳಿಗೂ ಅಗ್ನಿರಕ್ಷಣೆಯ ನಿಯಮಗಳು ಬಿಗಿಯಾದವು. ಬಿಗಿಯಾಗಲೇಬೇಕಾಗಿತ್ತು. ಆದರೆ ಹತ್ತು ಕೋಣೆಯ ಹಳೆಯ ಮನೆಗೆ ಬೆಂಕಿ ತಡೆಯುವ ಬಾಗಿಲು, ಹೊರಮೆಟ್ಟಿಲು ಇವನ್ನೆಲ್ಲ ಕೂಡಿಸುವಷ್ಟು ಹಣ ಎಷ್ಟು ಒಡತಿಯರಲ್ಲಿತ್ತು?

ದೊಡ್ಡ ಹೋಟೆಲುಗಳೂ ಉಳಿಯಲಿಲ್ಲ. ಬಂದರಿನ ಬಳಿಯ ವಿಲಿಯರ್ಸ್, ಪೆವೆರಿಲ್ ಎರಡನ್ನೂ ಕೆಡವಿದರು. ಬಂದರಿನ ಆಚೆಯ ಗುಡ್ಡದ ಮೇಲಿದ್ದ ಫೋರ್ಟ್ ಆ್ಯನ್ ಹೋಟೆಲು ಹಿಂದೆ ಸರ್ ವಿಲಿಯಂ ಹಿಲರಿಯ ಮನೆಯಾಗಿತ್ತು. ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆಯನ್ನು 1824ರಲ್ಲಿ ಹುಟ್ಟುಹಾಕಿದವನು, ಹಡಗೊಡೆದವರ ಆಸರೆಗಾಗಿ 1832ರಲ್ಲಿ ಕೊಲ್ಲಿಯ ಬಂಡೆಯ ಮೇಲೆ ಗೋಪುರ ಕಟ್ಟಿಸಿದವನು ಅವನೇ. ಗೋಪುರ ಇಂದಿಗೂ ನಿಂತಿದೆ, ಹೋಟೆಲು ಇಲ್ಲ. ತೆರಿಗೆ ಹಗುರವಾದ ದ್ವೀಪಕ್ಕೆ ಬ್ಯಾಂಕು ವಿಮೆಗಳ ವ್ಯವಹಾರ ಹರಿದುಬಂದು, ದಂಡೆಯ ಎಷ್ಟೋ ಮನೆಗಳು ಕಚೇರಿಗಳಾದವು, ವಾಸದ ಫ್ಲಾಟುಗಳಾದವು. ದ್ವೀಪ ಇದರಿಂದ ಬಡವಾಗಲಿಲ್ಲ, ಸಿರಿವಂತವೇ ಆಯಿತು. ಬೇಸಗೆ ಬಂತೆಂದು ಅಲ್ಲಿನ ಮಕ್ಕಳು ಈಗ ನೆಲಮಾಳಿಗೆಯಲ್ಲಿ ಮಲಗಬೇಕಾಗಿಲ್ಲ.

ಆದರೂ ಮೇ ಕೊನೆಯಿಂದ ಜೂನ್ ಮೊದಲ ವಾರಗಳವರೆಗೆ ಮೋಟಾರ್ ಸೈಕಲ್ ಪಂದ್ಯಗಳು ನಡೆಯುವಾಗ, ಬಂದವರಿಗೆ ಮಲಗಲು ಹಾಸಿಗೆ ಸಾಲದು. ಆಗ ಸಾಧಾರಣ ಸಂಸಾರಸ್ಥರೇ ತಮ್ಮ ಮನೆಯ ಕೋಣೆಗಳನ್ನು ಅಣಿಗೊಳಿಸಿ, ಹೊಸ ಹೊದಿಕೆ ಹಾಸಿ, ಗುರುತಿಲ್ಲದ ಸವಾರರನ್ನು ಒಳಗೆ ಕರೆಯುತ್ತಾರೆ.