ಜೇಬಿನಲ್ಲಿ ಬಂದ ಕಲ್ಲು

ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದೆ. ಸಂಜೆ ಲೆಕ್ಕದಲ್ಲಿ 50 ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವ ತನಕ ಮನೆಗೆ ಹೊರಡುತ್ತಿರಲಿಲ್ಲ. ಅಂಥ ನಾನು 70 ದಾಟಿದ ಮೇಲೆ ಒಂದು ಕಳ್ಳತನ ಮಾಡಿ, 9 ವರ್ಷದ ಮೊಮ್ಮಗಳ ಕೈಗೆ ಸಿಕ್ಕಿಬಿದ್ದೆ. ಮಕ್ಕಳೇ, ಆ ಕಥೆ ಕೇಳಿ.

ಅಮೆರಿಕದಲ್ಲಿರುವ ಮಗ ರಜೆಗೆಂದು ನಮ್ಮನ್ನು ಹವಾಯಿಯ ದೊಡ್ಡ ದ್ವೀಪಕ್ಕೆ ಕರೆದೊಯ್ದ. ಪೆಸಿಫಿಕ್ ಸಾಗರದ ನಡುವಿನ ಈ ದ್ವೀಪ ಐದು ಜ್ವಾಲಾಮುಖಿಗಳು ಸೇರಿ ಆದದ್ದು. ಮಂಡಿನೋವಿನ ನನ್ನಾಕೆ ವಿಜಯಪುರದ ಮನೆಯಲ್ಲೇ ಉಳಿದಳು. "ನನಗೂ ಅಲ್ಲಿಂದ ಏನರೆ ತರ್ರಿ" ಎಂದಿದ್ದಳು.

ಮೊದಲ ದಿನ ಅಲ್ಲಿಯ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. 1916ರಲ್ಲಿ ಆದ ಉದ್ಯಾನ. ಅಲ್ಲಿ ನಾಹುಕು ಎಂಬ ಲಾವಾ ಸುರಂಗವಿದೆ. ಹರಿಯುವ ಲಾವಾದ ಮೇಲ್ಪದರ ತಣ್ಣಗಾಗಿ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ಲಾವಾ ಮುಂದೆ ಹರಿದುಹೋಗುತ್ತದೆ. ಉಳಿಯುವುದು ಟೊಳ್ಳು ಕೊಳವೆ. ಅದರೊಳಗೆ ನಡೆಯುವಾಗ ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಹತ್ತಿರದ ಕಿಲಾವೆಯಾ ಇಕಿ ಕುಳಿಯನ್ನು ಮೇಲಿನಿಂದ ನೋಡಿದೆವು. 1959ರಲ್ಲಿ ಅಲ್ಲಿ ಲಾವಾದ ಕಾರಂಜಿ 500 ಮೀಟರಿಗೂ ಎತ್ತರ ಚಿಮ್ಮಿತ್ತಂತೆ. ಈಗ ಆ ಲಾವಾದ ಕೆರೆ ಹೆಪ್ಪುಗಟ್ಟಿ ಕಪ್ಪು ಮೈದಾನವಾಗಿದೆ. ಮಗ, ಮೊಮ್ಮಗಳು ಕೆಳಗಿಳಿದು ಅದರ ಮೇಲೆ ನಡೆದಾಡಿದರು. ಮೇಲಿನಿಂದ ನನಗೆ ಇರುವೆಗಳಂತೆ ಕಂಡರು.

ಮರುದಿನ ಪುನಾಲುವು ಕಡಲತೀರ. ಮರಳೆಲ್ಲ ಕಪ್ಪು! ಕುದಿಯುವ ಲಾವಾ ಸಮುದ್ರಕ್ಕೆ ಬಿದ್ದು ಒಮ್ಮೆಗೇ ತಣ್ಣಗಾದಾಗ ಪುಡಿಪುಡಿಯಾಗಿ ಆದ ಮರಳದು. ಅದರ ಮೇಲೆ ಹಸಿರು ಕಡಲಾಮೆಗಳು ಬಿಸಿಲು ಕಾಯಿಸುತ್ತ ಮಲಗಿದ್ದವು. ಮಗ ಫೋಟೊ ತೆಗೆಯಲು ಮುಂದೆ ಹೋದ. "ಅಪ್ಪಾ, 20 ಅಡಿ ದೂರ!" ಎಂದು ಮೊಮ್ಮಗಳು ಗದರಿದಳು. ನಾನು ನಕ್ಕೆ. ನನ್ನ ಸರದಿ ಬರುವುದಿತ್ತು.

ಮೂರನೆಯ ದಿನ, ಕುಳಿಗಳ ಸಾಲಿನ ನಡುವೆ ಸಮುದ್ರದವರೆಗೆ ಇಳಿಯುವ ಸುಮಾರು 30 ಕಿ.ಮೀ. ರಸ್ತೆ ಹಿಡಿದೆವು. ಕೊನೆಯಲ್ಲಿ ಹೋಲೆಯಿ ಎಂಬ ಕಲ್ಲಿನ ಕಮಾನು ಸಮುದ್ರಕ್ಕೆ ಕಾಲು ಚಾಚಿ ನಿಂತಿದೆ. ಎಲ್ಲರೂ ಅದನ್ನು ನೋಡುತ್ತಿದ್ದಾಗ ನಾನು ಬಗ್ಗಿ ಒಂದು ಕಪ್ಪು ಕಲ್ಲು ಎತ್ತಿ ಜೇಬಿಗಿಟ್ಟೆ. ನಿಂಬೆಹಣ್ಣಿನಷ್ಟಿತ್ತು.

ರಾತ್ರಿ ಕರವಸ್ತ್ರ ತೆಗೆದಾಗ ಅದೂ ಟಣ್ ಎಂದು ಕೆಳಗೆ ಬಿತ್ತು.

"ಅಜ್ಜಾ, ಇಲ್ಲಿಂದ ಕಲ್ಲು ಒಯ್ಯಬಾರದು ಅಂತ ಬೋರ್ಡ್ ಇತ್ತಲ್ಲಾ?"

"ಅಜ್ಜಿಗೆ ತೋರಿಸಾಕ ತಂದೆ ಪುಟ್ಟಿ. ಒಂದೇ ಕಲ್ಲು."

"ಬಂದವರೆಲ್ಲ ಒಂದೊಂದೇ ಒಯ್ದರೆ?"

ನಾನು ಸುಮ್ಮನಾದೆ. ಅಲ್ಲಿಯ ಮೂಲನಿವಾಸಿಗಳಿಗೆ ಆ ನೆಲ ಪೆಲೆ ದೇವಿಯ ಮನೆ. ಉದ್ಯಾನದ ಕಾನೂನೂ ಕಲ್ಲು ಒಯ್ಯಬಾರದು ಎನ್ನುತ್ತದೆ. 50 ಪೈಸೆಗೆ ಕಾಯುತ್ತಿದ್ದವನಿಗೆ ಇದು ಹೊಳೆಯಲಿಲ್ಲವೇ? ಹೊಳೆದಿತ್ತು. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ, ಅಷ್ಟೇ.

ಮರುದಿನ ಮಧ್ಯಾಹ್ನ ನಮ್ಮ ವಿಮಾನ. ಬೆಳಿಗ್ಗೆ ಅಕಾಕಾ ಜಲಪಾತ ನೋಡುವ ಏರ್ಪಾಡಿತ್ತು. "ಹೊರಗೆ ಎಲ್ಲಾದರೂ ಇಡಪ್ಪಾ, ಅಲ್ಲೂ ಲಾವಾನೇ" ಎಂದ ಮಗ. "ಯಾವ ಖಾತೆಯಿಂದ ತೆಗೆದೆನೋ ಅದೇ ಖಾತೆಗೆ ಜಮಾ ಆಗಬೇಕು" ಎಂದೆ. ಒಂದು ಕಲ್ಲಿಗಾಗಿ ಹೋಗಿಬರುವ 60 ಕಿ.ಮೀ. ಜಲಪಾತ ತಪ್ಪಿತು. ಮೊಮ್ಮಗಳಿಗೆ ಅದನ್ನು ನೋಡುವ ಆಸೆ ಬಹಳ ಇತ್ತು. ಆದರೂ ತುಟಿಪಿಟಕ್ಕೆನ್ನದೆ ನನ್ನ ಕೈ ಹಿಡಿದು ಬಂದು, ಕಲ್ಲಿಡುವಾಗ ಜಾಗ ಅದೇ ಹೌದೋ ಅಲ್ಲವೋ ನೋಡಿದಳು.

ಊರಿಗೆ ಬಂದು ನನ್ನಾಕೆಗೆ ಎಲ್ಲ ಹೇಳಿದೆ. ಅವಳು ನಕ್ಕಳು. "ಅಂಥಾ ಕರಿಕಲ್ಲು ನಮ್ಮಲ್ಲಿ ಇಲ್ಲೇನ್ರಿ?" ಎಂದು ಮೂಲೆಯ ಬೀಸುಕಲ್ಲು ತೋರಿಸಿದಳು. ನಿಜ! ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಮ್ಮ ಕಡೆಯೂ ಲಾವಾ ಹರಿದಿತ್ತು. ನಮ್ಮ ಎರೆ ಮಣ್ಣು, ಗೋಲಗುಮ್ಮಟದ ಕಲ್ಲು, ಈ ಬೀಸುಕಲ್ಲು ಎಲ್ಲ ಅದರ ಕೊಡುಗೆಯೇ.

ಅಂದೇ ಮೊಮ್ಮಗಳಿಗೆ ಫೋನಿನಲ್ಲಿ ಬೀಸುಕಲ್ಲು ತೋರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಾ, ಇದು ನಮ್ಮದೇ ತಾನೇ?"