ಬೀಗ ಬಿದ್ದ ಮಾಹಿತಿ ಕೇಂದ್ರ

ಕುಂದಾಪುರದಿಂದ ಮುರುಡೇಶ್ವರಕ್ಕೆ ಹೋಗುವ ಹೆದ್ದಾರಿಗೆ 2010ಕ್ಕೆ ಮೊದಲು 17ನೆಯ ಸಂಖ್ಯೆ ಇತ್ತು. ಈಗ ಅದು 66. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇಂದಿಗೂ ಕಣ್ತುಂಬುತ್ತವೆ. ಆದರೆ ಶಾಲಾ ಪ್ರವಾಸದ ಬಸ್ಸನ್ನು ನಾವು ನಿಲ್ಲಿಸುತ್ತಿದ್ದ ರಸ್ತೆಬದಿಯ ಪುಟ್ಟ ಮಾಹಿತಿ ಕೇಂದ್ರಕ್ಕೆ ಬೀಗ ಬಿದ್ದು ವರ್ಷಗಳೇ ಕಳೆದಿವೆ. ಗೋಡೆಯ ನಕಾಶೆ ಮಾಸಿದೆ. ಜಗಲಿಯಲ್ಲಿ ಹುಲ್ಲು ಬೆಳೆದಿದೆ.

ದಾರಿ ತೋರಿಸಲು ಮೊಬೈಲ್ ಇರುವಾಗ ಅದರ ಅಗತ್ಯವೇನು ಎಂದು ನೀವು ಕೇಳಬಹುದು. ಅಲ್ಲಿದ್ದ ಹಿರಿಯರೊಬ್ಬರು ದಾರಿಗಿಂತ ಹೆಚ್ಚಾಗಿ ಕಡಲಿನ ವಿಷಯವನ್ನೇ ಹೇಳುತ್ತಿದ್ದರು. ನೊರೆಯೊಡೆಯುವ ಅಲೆಗಳ ನಡುವೆ ಶಾಂತವಾಗಿ ಕಾಣುವ ನೀರನ್ನು ನಂಬಬಾರದು; ದಡಕ್ಕೆ ಬಂದ ನೀರು ಕಡಲಿಗೆ ಮರಳುವ ಹಾದಿ ಅದು. ಆ ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದತ್ತ ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಪಾರಾಗಬೇಕು.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಕೇಂದ್ರವೊಂದು ತೆರೆದಿದ್ದರೆ ಆ ಮಕ್ಕಳು ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಬಯಲುಸೀಮೆಯ ಮಕ್ಕಳು ನೀರಿಗಿಳಿಯುವ ಮುನ್ನ, ಕಡಲನ್ನು ಬಲ್ಲವರೊಬ್ಬರು ಹತ್ತು ನಿಮಿಷ ಮಾತನಾಡುವ ತಾಣ ದಾರಿಯಲ್ಲಿ ಇರಬೇಕು.

ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರು. ಕಡಲತೀರಕ್ಕೆ ಹೋದಾಗ ಮೊದಲು ಅಲ್ಲಿನ ಮೀನುಗಾರರನ್ನು ಕೇಳಿರಿ. ಅವರು ಬೇಡವೆಂದರೆ ಮಕ್ಕಳನ್ನು ಮರಳಿನಲ್ಲೇ ಆಡಿಸಿರಿ.